ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್: ನಲವತ್ತು ಹೆಸರುಗಳ ಪಟ್ಟಿಯನ್ನು ಹನ್ನೆರಡಕ್ಕೆ ಇಳಿಸುವ ಬಗೆ

ಆಗಸ್ಟ್ ಬಂತೆಂದರೆ ನನ್ನ ವಾಟ್ಸ್‌ಆ್ಯಪ್‌ಗೆ ಎಕ್ಸೆಲ್ ಹಾಳೆಗಳು ಬರತೊಡಗುತ್ತವೆ. ಮೈಸೂರಿನಿಂದ, ಬೆಂಗಳೂರಿನಿಂದ, ಒಮ್ಮೊಮ್ಮೆ ಧಾರವಾಡದಿಂದ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದವರು, ‘ಮೇಡಂ, ಒಮ್ಮೆ ನೋಡಿ ಹೇಳುತ್ತೀರಾ’ ಎಂಬ ಒಕ್ಕಣೆ. ಹಾಳೆಯಲ್ಲಿ ಮೂವತ್ತೋ ನಲವತ್ತೋ ವಿಶ್ವವಿದ್ಯಾಲಯಗಳು. ಮೇಲಿನ ಸಾಲುಗಳಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್, ಕೊಲಂಬಿಯಾ ಇದ್ದೇ ಇರುತ್ತವೆ.

ನಾನು ಮೊದಲು ಮಾಡುವ ಕೆಲಸ ಆ ಮೇಲಿನ ಸಾಲುಗಳ ಮೇಲೆ ಗೀಟು ಎಳೆಯುವುದು. ಪ್ರಿನ್ಸ್‌ಟನ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟೇ ಇಲ್ಲ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರ ವಿಭಾಗದಲ್ಲೂ ಇಲ್ಲ. ಅಲ್ಲಿಯ ವೈದ್ಯಕೀಯ ಶಾಲೆಯ ಮನೋವೈದ್ಯ ವಿಭಾಗವೂ ಪಾಲೊ ಆಲ್ಟೊ ವಿಶ್ವವಿದ್ಯಾಲಯವೂ ಸೇರಿ ನಡೆಸುವ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಎಂಬ ಬೇರೆಯದೇ ಪದವಿ ಇದೆ. ಕೊಲಂಬಿಯಾದಲ್ಲಿ ಅದು ಸಿಗುವುದು ಟೀಚರ್ಸ್ ಕಾಲೇಜಿನಲ್ಲಿ. ಹಾರ್ವರ್ಡ್‌ನಲ್ಲಿ ಇದೆ, ಆದರೆ ಬೆರಳೆಣಿಕೆಯ ಸೀಟುಗಳು. ಹೆಸರು ನೋಡಿ ಪಟ್ಟಿ ಮಾಡಿದರೆ ಹೀಗಾಗುತ್ತದೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದೆ. ಒಂಬತ್ತು ಕಡೆ ಅರ್ಜಿ ಹಾಕಿ, ಎರಡು ಕಡೆ ನಾನು ಬಯಸಿದ ಪ್ರಾಧ್ಯಾಪಕರು ಆ ವರ್ಷ ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳುತ್ತಿಲ್ಲ ಎಂಬುದು ಶುಲ್ಕ ಕಟ್ಟಿದ ಮೇಲೆ ತಿಳಿಯಿತು.

ಹೆಸರು ಸೇರಿಸುವುದಕ್ಕೆ ಒಂದು ಸಂಜೆ ಸಾಕು. ಹೊಡೆದುಹಾಕುವುದಕ್ಕೆ ಎರಡು ತಿಂಗಳು ಬೇಕು, ಮತ್ತು ಅದೇ ನಿಜವಾದ ಕೆಲಸ. ನಾನು ಹಿಡಿಸುವ ಜರಡಿಗಳನ್ನು ಹಿಡಿಯಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಒಂದನೆಯ ಹೆಜ್ಜೆ: ಯಾವ ಪದವಿ, ಯಾವ ಊರಿನ ಬದುಕಿಗೆ

ಅಮೆರಿಕದಲ್ಲಿ ದಾರಿ ಎರಡು: ಪಿಎಚ್.ಡಿ. ಮತ್ತು ಸೈ.ಡಿ. 1949ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಸೇರಿದ ಸಮ್ಮೇಳನವು ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಸಂಶೋಧನೆಯೂ ಬರಬೇಕು, ಚಿಕಿತ್ಸೆಯೂ ಬರಬೇಕು ಎಂದು ತೀರ್ಮಾನಿಸಿತು. ಇಂದಿನ ಬಹುಪಾಲು ಪಿಎಚ್.ಡಿ.ಗಳು ಆ ಅಡಿಪಾಯದ ಮೇಲೆಯೇ ನಿಂತಿವೆ. 1973ರಲ್ಲಿ ಅದೇ ರಾಜ್ಯದ ವೇಲ್ ಎಂಬ ಊರಿನಲ್ಲಿ ನಡೆದ ಇನ್ನೊಂದು ಸಮ್ಮೇಳನ, ಚಿಕಿತ್ಸೆಗೇ ಒತ್ತು ಕೊಡುವ ಸೈ.ಡಿ. ಪದವಿಗೆ ಒಪ್ಪಿಗೆಯ ಮುದ್ರೆ ಒತ್ತಿತು.

ಈ ಹಳೆಯ ಕಥೆ ಯಾಕೆಂದರೆ, ಹಣದ ಲೆಕ್ಕ ಕವಲೊಡೆಯುವುದು ಇಲ್ಲಿಯೇ. ಪಿಎಚ್.ಡಿ. ವಿದ್ಯಾರ್ಥಿ ಲ್ಯಾಬಿನಲ್ಲಿ ದುಡಿಯುತ್ತಾರೆ, ಪದವಿ ತರಗತಿಗಳಿಗೆ ಪಾಠ ಮಾಡುತ್ತಾರೆ. ಅದಕ್ಕೆ ಬದಲಾಗಿ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಮನ್ನಾ ಮಾಡಿ ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಕೊಡುತ್ತದೆ. ಸೈ.ಡಿ. ವಿದ್ಯಾರ್ಥಿಯಿಂದ ಅಂಥ ದುಡಿಮೆ ಸಿಗುವುದಿಲ್ಲವಾದ್ದರಿಂದ ಅವರು ಸಾಮಾನ್ಯವಾಗಿ ತಾವೇ ಶುಲ್ಕ ಕಟ್ಟಬೇಕು. ಬದುಕಿನ ಖರ್ಚೂ ಸೇರಿ ಒಟ್ಟು ಎರಡು ಲಕ್ಷ ಡಾಲರ್ ದಾಟುವುದು ಅಪರೂಪವೇನಲ್ಲ. ರೂಪಾಯಿಗೆ ಪರಿವರ್ತಿಸಿದರೆ ಒಂದೂವರೆ ಕೋಟಿಯ ಮೇಲೆ. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಂತೆ ಸೈ.ಡಿ.ಗೂ ಹಣಕಾಸಿನ ನೆರವು ಕೊಡುವ ಕಡೆಗಳು ಇವೆ, ಆದರೆ ಬಹಳ ಕಡಿಮೆ.

ಎರಡೂ ಪದವಿಗಳಿಂದ ಸಿಗುವ ಲೈಸೆನ್ಸ್ ಒಂದೇ. ‘ಪಿಎಚ್.ಡಿ. ದೊಡ್ಡದು, ಸೈ.ಡಿ. ಚಿಕ್ಕದು’ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತಿಗೆ ಅರ್ಥವಿಲ್ಲ. ಆದರೆ ಮನೆ ಅಡವಿಟ್ಟು ಸೈ.ಡಿ.ಗೆ ಹೋಗುತ್ತೇನೆ ಎನ್ನುವವರನ್ನು ನಾನು ತಡೆಯುತ್ತೇನೆ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಎಫ್-1 ವೀಸಾದವರಿಗೆ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ, ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇನ್ನೊಂದು ಬಾಗಿಲನ್ನು ನಮ್ಮ ಹುಡುಗರು ತಟ್ಟುವುದೇ ಇಲ್ಲ. ಅದು ಕೌನ್ಸೆಲಿಂಗ್ ಸೈಕಾಲಜಿ ಪಿಎಚ್.ಡಿ. ಎಷ್ಟೋ ಕಡೆ ಇದು ಶಿಕ್ಷಣ ವಿಭಾಗದ ಅಡಿಯಲ್ಲಿ ಇರುವುದರಿಂದ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಲೈಸೆನ್ಸ್ ಅದೇ, ಕಡೆಯ ವರ್ಷದ ಇಂಟರ್ನ್‌ಶಿಪ್‌ಗೆ (ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಮಾಡುವ ತರಬೇತಿಗೆ) ಸ್ಪರ್ಧೆ ಅದೇ. ವಲಸಿಗರ ಮಾನಸಿಕ ಆರೋಗ್ಯ, ಸಂಸ್ಕೃತಿ, ತಾರತಮ್ಯದಂಥ ವಿಷಯಗಳಲ್ಲಿ ಕೆಲಸ ಮಾಡುವವರು ಅಲ್ಲಿ ಹೆಚ್ಚಾಗಿ ಸಿಗುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಸೋಷಿಯಲ್ ಅಥವಾ ಕಾಗ್ನಿಟಿವ್ ಸೈಕಾಲಜಿಯ ಪಿಎಚ್.ಡಿ. ಸೇರಿ ‘ಆಮೇಲೆ ಕ್ಲಿನಿಕಲ್‌ಗೆ ಬದಲಾಯಿಸಿಕೊಳ್ಳುತ್ತೇನೆ’ ಎಂದುಕೊಳ್ಳಬೇಡಿ. ಆ ಪದವಿಯಿಂದ ಚಿಕಿತ್ಸೆ ಮಾಡುವ ಲೈಸೆನ್ಸ್ ಬರುವುದಿಲ್ಲ.

ಊರಿಗೆ ಮರಳುವ ಯೋಚನೆ ಇದ್ದರೆ ಈಗಲೇ ಒಂದು ಮಾತು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹುದ್ದೆಯನ್ನು ವ್ಯಾಖ್ಯಾನಿಸುವುದು ಆರ್‌ಸಿಐ ಮಾನ್ಯತೆಯ ಓದನ್ನು, ಎರಡು ವರ್ಷದ ಎಂ.ಫಿಲ್. ತರಬೇತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅಮೆರಿಕದ ಡಾಕ್ಟರೇಟ್ ಕೈಯಲ್ಲಿದ್ದ ಮಾತ್ರಕ್ಕೆ ಹೆಸರು ತಾನಾಗಿ ದಾಖಲಾಗುವುದಿಲ್ಲ. ಬೆಂಗಳೂರಿನಲ್ಲೇ ರೋಗಿಗಳನ್ನು ನೋಡುವುದು ನಿಮ್ಮ ಗುರಿಯಾದರೆ, ನಿಮ್ಹಾನ್ಸ್‌ನಂಥ ಸಂಸ್ಥೆಯ ದಾರಿಯೇ ಹತ್ತಿರದ್ದು. ಹೀಗೆ ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ, ಕೆಲವರಿಗೆ ಹಗುರಾಗುತ್ತದೆ.

ಎರಡನೆಯ ಹೆಜ್ಜೆ: ಮಾನ್ಯತೆ ಕೋರ್ಸಿಗೆ ಇದೆಯೇ

ನಮ್ಮಲ್ಲಿ ಕಾಲೇಜಿಗೆ ನ್ಯಾಕ್ ‘ಎ’ ಶ್ರೇಣಿ ಇದ್ದರೂ ಅಲ್ಲಿಯ ಒಂದು ಕೋರ್ಸಿಗೆ ಆರ್‌ಸಿಐ ಒಪ್ಪಿಗೆ ಇಲ್ಲದಿರಬಹುದಲ್ಲವೇ? ಅಮೆರಿಕದಲ್ಲೂ ಹಾಗೆಯೇ. ವಿಶ್ವವಿದ್ಯಾಲಯದ ಮಾನ್ಯತೆ ಬೇರೆ, ಡಾಕ್ಟರೇಟ್ ಕಾರ್ಯಕ್ರಮದ ಮಾನ್ಯತೆ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಅದನ್ನು ಕೊಡುವುದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ (ಎಪಿಎ) ಮಾನ್ಯತಾ ಆಯೋಗ. ಸಂಶೋಧನೆಗೆ ಹೆಚ್ಚು ಒತ್ತು ಕೊಡುವ ಕೆಲವು ವಿಶ್ವವಿದ್ಯಾಲಯಗಳು ಪಿಸಿಎಸ್‌ಎಎಸ್ ಎಂಬ ಇನ್ನೊಂದು ವ್ಯವಸ್ಥೆಯ ಮಾನ್ಯತೆಯನ್ನೂ ಪಡೆದಿವೆ.

ಎಪಿಎ ತಾಣದಲ್ಲಿ ಮಾನ್ಯತೆ ಪಡೆದ ಕಾರ್ಯಕ್ರಮಗಳ ಹುಡುಕು ಪಟ್ಟಿ ಇದೆ. ನಿಮ್ಮ ಹಾಳೆಯ ಪ್ರತಿ ಹೆಸರನ್ನೂ ಅಲ್ಲಿ ಹಾಕಿ ನೋಡಿ. ಬರದಿದ್ದರೆ ಹೊಡೆದುಹಾಕಿ, ಮರುಗಬೇಡಿ. ಮಾನ್ಯತೆಯಿಲ್ಲದ ಕಡೆ ಓದಿದರೆ ಒಳ್ಳೆಯ ಇಂಟರ್ನ್‌ಶಿಪ್‌ಗಳ ಬಾಗಿಲು ಮುಚ್ಚಿದಂತೆಯೇ, ಹಲವು ರಾಜ್ಯಗಳಲ್ಲಿ ಲೈಸೆನ್ಸ್‌ಗೂ ತೊಡಕು. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ’ ಎಂಬ ಭರವಸೆಯನ್ನು ನಂಬಿ ಆರು ವರ್ಷ ಕೊಡಬೇಡಿ. ಪಟ್ಟಿಯಲ್ಲಿ ‘ಷರತ್ತಿನ ಮಾನ್ಯತೆ’ ಎಂದಿದ್ದರೆ ಅದು ಹೊಸ ಕಾರ್ಯಕ್ರಮ ಎಂದರ್ಥ. ಅದನ್ನು ಎಚ್ಚರದಿಂದ ಪರಿಗಣಿಸಬಹುದು. ‘ಪ್ರೊಬೇಷನ್’ ಎಂದಿದ್ದರೆ ದೂರವಿರಿ.

ಮಾನ್ಯತೆಯ ಜೊತೆಗೆ ಸಂಸ್ಥೆಯ ಹಣಕಾಸಿನ ಆರೋಗ್ಯವನ್ನೂ ನೋಡಬೇಕು. ಆರ್ಗೋಸಿ ವಿಶ್ವವಿದ್ಯಾಲಯ 2019ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿದಾಗ ಅಲ್ಲಿ ಸೈ.ಡಿ. ಓದುತ್ತಿದ್ದವರು ಅರ್ಧ ದಾರಿಯಲ್ಲಿ ಬೀದಿಗೆ ಬಿದ್ದರು.

ಮೂರನೆಯ ಹೆಜ್ಜೆ: ಯಾರೂ ತೆರೆಯದ ಆ ಒಂದು ಪುಟ

ಮಾನ್ಯತೆ ಪಡೆದ ಪ್ರತಿ ಕಾರ್ಯಕ್ರಮವೂ ತನ್ನ ವಿದ್ಯಾರ್ಥಿಗಳ ಪ್ರವೇಶ ಮತ್ತು ಫಲಿತಾಂಶದ ಅಂಕಿಅಂಶಗಳನ್ನು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು, ವರ್ಷವರ್ಷವೂ ಹೊಸದು ಸೇರಿಸಬೇಕು. ಮುಖಪುಟದಲ್ಲಿ ನಗುವ ವಿದ್ಯಾರ್ಥಿಗಳ ಚಿತ್ರವಿರುತ್ತದೆ. ಈ ಕೋಷ್ಟಕದ ಕೊಂಡಿ ಪುಟದ ತಳದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ನನ್ನ ಮಟ್ಟಿಗೆ ಇಡೀ ತಾಣದಲ್ಲಿ ನಂಬಬೇಕಾದ ಪುಟ ಇದೊಂದೇ. ಪತ್ರಿಕೆಗಳ ರ‍್ಯಾಂಕಿಂಗ್ ಇದಕ್ಕೆ ಸಾಟಿಯಲ್ಲ. ಯು.ಎಸ್. ನ್ಯೂಸ್ ಕೊಡುವ ಕ್ಲಿನಿಕಲ್ ಸೈಕಾಲಜಿ ರ‍್ಯಾಂಕ್ ಬೇರೆ ವಿಶ್ವವಿದ್ಯಾಲಯಗಳವರ ಅಭಿಪ್ರಾಯ ಕೇಳಿ ಮಾಡಿದ್ದು. ಒಂದು ಮದುವೆ ಮನೆಯ ಊಟದ ಬಗ್ಗೆ ಊರಿನವರೆಲ್ಲ ಮಾತನಾಡಿದಂತೆ. ಉಂಡವರು ಎಷ್ಟು ಮಂದಿಯೋ.

ಕೋಷ್ಟಕವನ್ನು ಓದುವುದು ಹೀಗೆ. ಒಂದು ಕಲ್ಪಿತ ಕಾರ್ಯಕ್ರಮ ಇಟ್ಟುಕೊಳ್ಳೋಣ. ಮೊದಲ ಸಾಲು, ಮುಗಿಸಲು ಹಿಡಿದ ಕಾಲ: ಸರಾಸರಿ 6.4 ವರ್ಷ, ಮಧ್ಯಾಂಕ 6. ಕಡೆಯ ವರ್ಷದ ಇಂಟರ್ನ್‌ಶಿಪ್ ಸೇರಿ ಐದರಿಂದ ಏಳು ವರ್ಷ ಹಿಡಿಯುವುದು ಸಹಜ. ಸರಾಸರಿ ಮಧ್ಯಾಂಕಕ್ಕಿಂತ ಬಹಳ ಮೇಲಿದ್ದರೆ ಯಾರೋ ಒಬ್ಬಿಬ್ಬರು ಎಂಟು ಒಂಬತ್ತು ವರ್ಷ ಸಿಕ್ಕಿಬಿದ್ದಿದ್ದಾರೆ ಎಂದರ್ಥ. ಅವರು ಯಾರ ಲ್ಯಾಬಿನವರು ಎಂದು ಸಂದರ್ಶನದ ದಿನ ಹಳೆಯ ವಿದ್ಯಾರ್ಥಿಗಳನ್ನು ಮೆಲ್ಲಗೆ ಕೇಳಬೇಕು.

ಎರಡನೆಯದು ಇಂಟರ್ನ್‌ಶಿಪ್. ಎಷ್ಟು ಜನಕ್ಕೆ ಸಿಕ್ಕಿತು ಎಂಬುದಕ್ಕಿಂತ, ಮಾನ್ಯತೆ ಇರುವ ಇಂಟರ್ನ್‌ಶಿಪ್ ಎಷ್ಟು ಜನಕ್ಕೆ ಸಿಕ್ಕಿತು ಎಂಬ ಸಾಲಿಗೆ ಬೆರಳಿಡಿ. ಎರಡು ಸಾಲುಗಳ ನಡುವೆ ದೊಡ್ಡ ಅಂತರವಿದ್ದರೆ ಅಲ್ಲಿ ತರಬೇತಿ ಸಡಿಲವಾಗಿದೆ.

ಮೂರನೆಯದು ಬಿಟ್ಟುಹೋದವರ ಪ್ರಮಾಣ. ಆರು ಜನರ ಬ್ಯಾಚಿನಲ್ಲಿ ಒಬ್ಬರು ಬಿಟ್ಟರೂ ಅದು ಶೇ 17 ಆಗುತ್ತದೆ. ಗಾಬರಿಯಾಗಬೇಡಿ, ನಾಲ್ಕೈದು ವರ್ಷ ಒಟ್ಟಿಗೆ ನೋಡಿ. ವರ್ಷವರ್ಷವೂ ಒಬ್ಬೊಬ್ಬರು ಹೋಗುತ್ತಿದ್ದರೆ ಒಳಗೇನೋ ಇದೆ. ಬ್ಯಾಚಿನ ಗಾತ್ರವನ್ನೂ ಇಲ್ಲೇ ನೋಡಬಹುದು. ಆರೇಳು ಜನರ ಬ್ಯಾಚು ಒಂದು ಬಗೆಯ ಓದು, ಅರವತ್ತು ಜನರದು ಬೇರೆಯೇ ವ್ಯವಹಾರ.

ಕೊನೆಯದು ಲೈಸೆನ್ಸ್ ಪಡೆದವರ ಶೇಕಡಾವಾರು. ಎರಡರಿಂದ ಹತ್ತು ವರ್ಷದ ಹಿಂದೆ ಪದವಿ ಪಡೆದವರಲ್ಲಿ ಎಷ್ಟು ಮಂದಿ ಲೈಸೆನ್ಸ್ ಪಡೆದರು ಎಂಬ ಲೆಕ್ಕ ಇದು. ಇದನ್ನು ಪದವಿಯ ಸ್ವಭಾವ ನೋಡಿ ಅಳೆಯಬೇಕು. ಸೈ.ಡಿ.ಯಲ್ಲಿ ಇದು ಶೇ 65 ಇದ್ದರೆ ಕೆಟ್ಟ ಸುದ್ದಿ, ಏಕೆಂದರೆ ಅಲ್ಲಿಗೆ ಹೋಗುವವರೆಲ್ಲ ರೋಗಿಗಳನ್ನು ನೋಡಬೇಕೆಂದೇ ಹೋಗಿರುತ್ತಾರೆ. ಸಂಶೋಧನೆಯೇ ಪ್ರಧಾನವಾದ ಪಿಎಚ್.ಡಿ.ಯಲ್ಲಿ ಅದೇ ಅಂಕಿ ಕಂಡರೆ, ಉಳಿದವರು ಪ್ರಾಧ್ಯಾಪಕರಾಗಿ ಲೈಸೆನ್ಸಿನ ಗೊಡವೆಗೆ ಹೋಗಿಲ್ಲದಿರಬಹುದು.

ಈ ಜರಡಿಯಲ್ಲಿ ನಲವತ್ತು ಹೆಸರು ಇಪ್ಪತ್ತೈದಕ್ಕೆ ಇಳಿಯುತ್ತವೆ.

ನಾಲ್ಕನೆಯ ಹೆಜ್ಜೆ: ನಮ್ಮ ಪಾಸ್‌ಪೋರ್ಟಿನ ಜರಡಿ

ಅಮೆರಿಕದ ಮಕ್ಕಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ. ನಮಗೆ ಇದು ಪ್ರಾಣ.

ಅಲ್ಲಿಯ ಮನಶ್ಶಾಸ್ತ್ರಜ್ಞರಿಗೆ ಅತಿ ಹೆಚ್ಚು ತರಬೇತಿ ಕೊಡುವ ವ್ಯವಸ್ಥೆ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳದ್ದು. ಎಲ್ಲರೂ ‘ವಿಎ’ ಎನ್ನುತ್ತಾರೆ. ಅಲ್ಲಿ ಇಂಟರ್ನ್‌ಶಿಪ್ ಮಾಡಲು ಅಮೆರಿಕದ ಪೌರತ್ವ ಬೇಕು. ಅಂದರೆ ಆರು ವರ್ಷ ಓದಿ ಇಂಟರ್ನ್‌ಶಿಪ್ ಹೊಂದಾಣಿಕೆಗೆ (ವಿದ್ಯಾರ್ಥಿಗಳನ್ನೂ ತರಬೇತಿ ಸ್ಥಳಗಳನ್ನೂ ಜೋಡಿಸುವ ವ್ಯವಸ್ಥೆಗೆ) ನಿಂತಾಗ, ನಿಮ್ಮ ಸಹಪಾಠಿಗಳ ಮುಂದಿರುವ ತಟ್ಟೆಯಿಂದ ದೊಡ್ಡದೊಂದು ತುತ್ತು ನಿಮಗೆ ಇಲ್ಲವೇ ಇಲ್ಲ. ಕಾರ್ಯಕ್ರಮವೊಂದು ‘ಪಕ್ಕದಲ್ಲೇ ವಿಎ ಆಸ್ಪತ್ರೆ ಇದೆ’ ಎಂದು ಹೆಮ್ಮೆಪಟ್ಟರೆ, ಅದು ನಿಮಗೆ ಲೆಕ್ಕಕ್ಕಿಲ್ಲದ ಸೌಲಭ್ಯ. ಹಾಗೆಯೇ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಫೆಲೋಶಿಪ್, ಎನ್‌ಐಎಚ್‌ (ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು) ಕೊಡುವ ಎಫ್-31 ಎಂಬ ಫೆಲೋಶಿಪ್ ಇವೆಲ್ಲ ಪೌರರಿಗೂ ಗ್ರೀನ್ ಕಾರ್ಡಿನವರಿಗೂ ಮಾತ್ರ. ಗೈಡ್ ತಮ್ಮ ವಿದ್ಯಾರ್ಥಿಗಳನ್ನು ಇಂಥ ಹಣದಲ್ಲೇ ಸಾಕುವವರಾದರೆ ನಿಮ್ಮನ್ನು ಹೇಗೆ ಸಾಕುತ್ತಾರೆ ಎಂದು ಕೇಳಿ ತಿಳಿಯಬೇಕು.

ಇನ್ನೊಂದು ಸಣ್ಣ ಲೆಕ್ಕ ನೋಡಿ. ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾದ್ದರಿಂದ ಎಫ್-1 ವಿದ್ಯಾರ್ಥಿಗಳು ಅದನ್ನು ಸಾಮಾನ್ಯವಾಗಿ ‘ಸಿಪಿಟಿ’ ಎಂಬ ಅನುಮತಿಯಲ್ಲಿ ಮಾಡುತ್ತಾರೆ. ಪೂರ್ಣಾವಧಿಯ ಸಿಪಿಟಿಯನ್ನು ಹನ್ನೆರಡು ತಿಂಗಳು ಅಥವಾ ಹೆಚ್ಚು ಬಳಸಿಕೊಂಡರೆ, ಓದು ಮುಗಿದ ಮೇಲೆ ಸಿಗಬೇಕಾದ ‘ಒಪಿಟಿ’ ಎಂಬ ಒಂದು ವರ್ಷದ ಕೆಲಸದ ಅನುಮತಿ ಕೈತಪ್ಪುತ್ತದೆ. ಇಂಟರ್ನ್‌ಶಿಪ್ ಎಷ್ಟು ಕಾಲದ್ದು? ಸರಿಯಾಗಿ ಹನ್ನೆರಡು ತಿಂಗಳು. ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿದರೆ ಒಂದು ದಿನದ ಹೆಚ್ಚುಕಡಿಮೆಯಲ್ಲಿ ಒಪಿಟಿ ಹೋಯಿತು. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಲೈಸೆನ್ಸ್‌ಗೆ 3,000 ಗಂಟೆಗಳ ಮೇಲ್ವಿಚಾರಣೆಯ ಅನುಭವ ಬೇಕು, ಅದರಲ್ಲಿ 1,500 ಡಾಕ್ಟರೇಟ್ ಆದ ಮೇಲಿನದಾಗಿರಬೇಕು. ಒಪಿಟಿ ಇಲ್ಲದೆ ಆ ಗಂಟೆಗಳನ್ನು ಎಲ್ಲಿಂದ ತರುತ್ತೀರಿ? ಅನುಭವವಿರುವ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿ ಕಚೇರಿಗಳು ಈ ದಿನಗಳ ಲೆಕ್ಕವನ್ನು ಮೊದಲೇ ಹೊಂದಿಸಿಕೊಡುತ್ತವೆ. ಅನುಭವವಿಲ್ಲದ ಕಡೆ ಆ ಲೆಕ್ಕವನ್ನು ನೀವೇ ಅವರಿಗೆ ಹೇಳಿಕೊಡಬೇಕಾಗುತ್ತದೆ.

ಆದ್ದರಿಂದ ಪ್ರತಿ ಕಾರ್ಯಕ್ರಮದ ಸಂಯೋಜಕರಿಗೆ ಒಂದೇ ಪ್ರಶ್ನೆಯ ಮೇಲ್ ಕಳುಹಿಸಿ: ಕಳೆದ ಐದು ವರ್ಷಗಳಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಂಡಿದ್ದೀರಿ, ಅವರಿಗೆ ಎಲ್ಲೆಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು? ಉತ್ತರದಲ್ಲಿ ಊರಿನ ಹೆಸರುಗಳು ಬಂದರೆ ಉಳಿಸಿಕೊಳ್ಳಿ. ‘ನಾವು ವೈವಿಧ್ಯವನ್ನು ಗೌರವಿಸುತ್ತೇವೆ’ ಎಂದಷ್ಟೇ ಬಂದರೆ ಅದೂ ಒಂದು ಉತ್ತರವೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕಿದೆ. ಹೊರರಾಜ್ಯದ ಅಮೆರಿಕನ್ನರು ಒಂದು ವರ್ಷದ ಬಳಿಕ ಅಲ್ಲಿಯ ನಿವಾಸಿಗಳಾಗಿ ಶುಲ್ಕ ಇಳಿಯುತ್ತದೆ; ಎಫ್-1ನವರಿಗೆ ಆ ಅವಕಾಶವಿಲ್ಲ. ಗೈಡ್‌ಗೆ ನೀವು ದುಬಾರಿ ವಿದ್ಯಾರ್ಥಿ. ಯುಸಿಎಲ್‌ಎ, ಬರ್ಕ್ಲಿ ಎರಡನ್ನೂ ಇಟ್ಟುಕೊಳ್ಳಿ, ಆದರೆ ಪಟ್ಟಿಯ ಅರ್ಧ ಅವೇ ಆಗದಿರಲಿ.

ಐದನೆಯ ಹೆಜ್ಜೆ: ವಿಶ್ವವಿದ್ಯಾಲಯವನ್ನಲ್ಲ, ಗೈಡನ್ನು ಹುಡುಕಿ

ಬಹುಪಾಲು ಪಿಎಚ್.ಡಿ.ಗಳಲ್ಲಿ ಪ್ರವೇಶ ಎಂದರೆ ಒಬ್ಬ ಪ್ರಾಧ್ಯಾಪಕರು ನಿಮ್ಮನ್ನು ತಮ್ಮ ಲ್ಯಾಬಿಗೆ ಆರಿಸಿಕೊಳ್ಳುವುದು. ನೂರಾರು ಅರ್ಜಿ, ಐದರಿಂದ ಹತ್ತು ಸೀಟು, ಅದರಲ್ಲೂ ನಿಮ್ಮ ವಿಷಯಕ್ಕೆ ಒಂದೇ ಒಂದು. ಆ ಒಬ್ಬರು ಆ ವರ್ಷ ವಿದ್ಯಾರ್ಥಿಯನ್ನು ತೆಗೆದುಕೊಳ್ಳದಿದ್ದರೆ ನಿಮ್ಮ ಅಂಕಪಟ್ಟಿಗೆ ಬೆಲೆಯೇ ಇಲ್ಲ.

‘ಖಿನ್ನತೆಯಲ್ಲಿ ಆಸಕ್ತಿ’ ಎಂಬುದು ಹುಡುಕಾಟಕ್ಕೆ ಸಾಲದು. ಅದನ್ನು ಮೂರು ಎಳೆಯಾಗಿ ಬಿಡಿಸಿ: ಯಾವ ತೊಂದರೆ, ಯಾರಲ್ಲಿ, ಯಾವ ವಿಧಾನದಿಂದ. ಹಿಂದೆ ಒಬ್ಬ ಹುಡುಗಿಯ ಪಟ್ಟಿ ನೋಡಿದ್ದೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಬಾಣಂತಿಯರನ್ನು ಮಾತನಾಡಿಸುವ ಯೋಜನೆಯೊಂದರಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದಳು. ಪಟ್ಟಿಯ ತುಂಬ ಖಿನ್ನತೆಯ ದೊಡ್ಡ ಹೆಸರುಗಳು. ಅವರಲ್ಲಿ ಏಳು ಮಂದಿ ಮೆದುಳಿನ ಸ್ಕ್ಯಾನ್ ಮಾಡುವವರು. ಅವಳಿಗೆ ಬೇಕಾದದ್ದು ಹೆರಿಗೆಯ ನಂತರದ ಖಿನ್ನತೆ, ಬಡ ಮತ್ತು ವಲಸಿಗ ತಾಯಂದಿರು, ಸಮುದಾಯದಲ್ಲೇ ಕೊಡುವ ಚಿಕಿತ್ಸೆ. ಹಾಗೆ ಬಿಡಿಸಿ ಹುಡುಕಿದ ಮೇಲೆ ಏಳು ಹೆಸರು ಹೋಗಿ, ಅವಳು ಅದುವರೆಗೆ ಕೇಳಿಯೇ ಇರದ ನಾಲ್ಕು ಊರುಗಳು ಬಂದವು. ಸಂದರ್ಶನಕ್ಕೆ ಕರೆ ಬಂದ ಮೂರರಲ್ಲಿ ಎರಡು ಆ ನಾಲ್ಕರವು.

ಹುಡುಕುವುದು ಸುಲಭ. ನಿಮಗೆ ಹಿಡಿಸಿದ ಇತ್ತೀಚಿನ ಸಂಶೋಧನಾ ಲೇಖನಗಳನ್ನು ತೆಗೆಯಿರಿ, ಲೇಖಕರು ಈಗ ಎಲ್ಲಿದ್ದಾರೆ ನೋಡಿ. ಅವರು ವೈದ್ಯಕೀಯ ಶಾಲೆಯಲ್ಲಿದ್ದು ಡಾಕ್ಟರೇಟ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವವರಲ್ಲದಿದ್ದರೆ ಬಿಡಿ. ಲ್ಯಾಬಿನ ಪುಟದಲ್ಲಿ ಮುಂದಿನ ವರ್ಷಕ್ಕೆ ವಿದ್ಯಾರ್ಥಿ ಬೇಕೇ ಬೇಡವೇ ಎಂದು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಹಾಕಿರುತ್ತಾರೆ. ಲೇಖನಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೋ ಗೈಡ್‌ನದೋ ಎಂಬುದನ್ನೂ ನೋಡಿ. ಹತ್ತರಲ್ಲಿ ಹತ್ತೂ ಗೈಡ್‌ನದೇ ಆಗಿದ್ದರೆ ಅಲ್ಲಿ ದುಡಿಮೆ ನಿಮ್ಮದು, ಹೆಸರು ಅವರದು.

‘ವಿದ್ಯಾರ್ಥಿ ಬೇಕು’ ಎಂದು ಬರೆಯದವರಿಗೆ ಮೇಲ್ ಕಳುಹಿಸಬಹುದು. ‘ಮೇಲ್ ಬೇಡ’ ಎಂದು ಬರೆದವರಿಗೆ ಕಳುಹಿಸಬಾರದು. ನಮ್ಮವರ ಮೇಲ್‌ಗಳು ಸಾಮಾನ್ಯವಾಗಿ ‘ಪೂಜ್ಯ’ದಿಂದ ಆರಂಭವಾಗಿ, ‘ತಮ್ಮ ಅಮೂಲ್ಯ ಮಾರ್ಗದರ್ಶನ’ದ ಮೂಲಕ ಹಾದು, ಮೂರು ಪುಟದ ಸ್ವವಿವರಕ್ಕೆ ಮುಗಿಯುತ್ತವೆ. ಬೇಕಾಗಿರುವುದು ನಾಲ್ಕು ಸಾಲು. ನಾನು ಇಂಥವಳು, ಇಂಥ ಯೋಜನೆಯಲ್ಲಿ ಇಂಥ ಕೆಲಸ ಮಾಡಿದ್ದೇನೆ. ನಿಮ್ಮ ಈ ಲೇಖನದಲ್ಲಿ ಈ ಅಂಶ ನನ್ನ ಕೆಲಸಕ್ಕೆ ಹೀಗೆ ತಾಗುತ್ತದೆ. ಮುಂದಿನ ವರ್ಷ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತೀರಾ? ವಂದನೆಗಳು. ಉತ್ತರ ಬಾರದಿದ್ದರೆ ಅವಮಾನವೆಂದು ತಿಳಿಯಬೇಡಿ. ಅರ್ಜಿ ಹಾಕಬಾರದೆಂದೂ ಅಲ್ಲ.

ಚಿಕಿತ್ಸಾ ಪಂಥವನ್ನೂ ನೋಡಿಕೊಳ್ಳಿ. ಹೆಚ್ಚಿನ ಕಡೆ ಸಿಬಿಟಿಯದೇ (ಯೋಚನೆ, ನಡವಳಿಕೆಗಳನ್ನು ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯದೇ) ರಾಜ್ಯಭಾರ. ಮನೋವಿಶ್ಲೇಷಣೆಯ ದಾರಿ ಬೇಕೆನ್ನುವವರು ನ್ಯೂಯಾರ್ಕ್ ಸುತ್ತಮುತ್ತಲಿನ ಅಡೆಲ್ಫಿ, ಸಿಟಿ ಕಾಲೇಜಿನಂಥ ಕೆಲವೇ ಕಡೆ ಹುಡುಕಬೇಕು.

ಊರಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ. ಸೋನಾ ಮಸೂರಿ ಈಗ ಎಲ್ಲ ಕಡೆ ಸಿಗುತ್ತದೆ. ಮಿನೆಸೋಟಾದ ಜನವರಿಯಲ್ಲಿ ಸಿಗದಿರುವುದು ಸೂರ್ಯ.

ಆರನೆಯ ಹೆಜ್ಜೆ: ಹಣ, ಕಾಗದಪತ್ರ, ಕೊನೆಯ ಎಣಿಕೆ

ಹಣದ ಪ್ರಶ್ನೆ ಮೂರೇ: ಶುಲ್ಕ ಪೂರ್ತಿ ಮನ್ನಾವೇ, ಸ್ಟೈಪೆಂಡ್ ಎಷ್ಟು ವರ್ಷಕ್ಕೆ ಖಾತರಿ, ಬೇಸಿಗೆಯ ಮೂರು ತಿಂಗಳಿಗೂ ಇದೆಯೇ. ಮೂರನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. 2025ರಲ್ಲಿ ಸರ್ಕಾರದ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದ ಮೇಲೆ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನು ಇಳಿಸಿದವು. ಆದ್ದರಿಂದ ಹೋದ ವರ್ಷದ ಮಾಹಿತಿಯನ್ನು ಈ ವರ್ಷಕ್ಕೆ ನಂಬಬೇಡಿ.

ಮೂರು ವರ್ಷದ ಬಿ.ಎ. ಮಾಡಿದವರು, ಅದರ ಮೇಲಿನ ಎಂ.ಎ. ಸೇರಿಸಿ ಅರ್ಹತೆ ಒಪ್ಪುತ್ತಾರೆಯೇ ಎಂದು ಆ ವಿಶ್ವವಿದ್ಯಾಲಯದ ಗ್ರ್ಯಾಜುಯೇಟ್ ಸ್ಕೂಲ್‌ಗೆ (ಸ್ನಾತಕೋತ್ತರ ಪ್ರವೇಶ ನೋಡಿಕೊಳ್ಳುವ ಕಚೇರಿಗೆ) ಬರೆದು ಕೇಳಿ. ಅದು ಮನಶ್ಶಾಸ್ತ್ರ ವಿಭಾಗ ಉತ್ತರಿಸುವ ಪ್ರಶ್ನೆಯಲ್ಲ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಬಹಳ ಕಡೆ ಕೈಬಿಟ್ಟಿದ್ದಾರೆ, ಕೆಲವು ಕಡೆ ಇನ್ನೂ ಕೇಳುತ್ತಾರೆ. ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್‌ಗೆ ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಆಗಸ್ಟ್‌ನಲ್ಲೇ ನಿಲ್ಲಿ. ದಸರಾ ರಜೆ, ದೀಪಾವಳಿ ರಜೆ ಕಳೆದು ನಿಂತರೆ ಡಿಸೆಂಬರ್ 1 ಎದುರಿಗೇ ಬಂದಿರುತ್ತದೆ. ಬಹಳಷ್ಟು ಕಡೆ ಕೊನೆಯ ದಿನ ಅದೇ, ಅಥವಾ ಅದರ ಆಚೀಚೆ.

ಕೊನೆಗೆ ಎಷ್ಟು? ಹತ್ತರಿಂದ ಹದಿನೈದು. ಒಂದೊಂದಕ್ಕೆ ಅರ್ಜಿ ಶುಲ್ಕವೇ ಸಾಮಾನ್ಯವಾಗಿ 50ರಿಂದ 100 ಡಾಲರ್. ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿಯ ಖರ್ಚು ಸೇರಿದರೆ ಒಟ್ಟು ಲಕ್ಷ ರೂಪಾಯಿಯ ಹತ್ತಿರ ಬರುತ್ತದೆ. ಇಂಜಿನಿಯರಿಂಗ್ ಎಂ.ಎಸ್.ಗೆ ಹೋಗುವ ಅಣ್ಣಂದಿರು ‘ಎರಡು ಸೇಫ್ ಹಾಕು’ ಎನ್ನುತ್ತಾರೆ. ಸ್ಟೈಪೆಂಡ್ ಇರುವ ಕ್ಲಿನಿಕಲ್ ಪಿಎಚ್.ಡಿ.ಯಲ್ಲಿ ಸೇಫ್ ಎಂಬುದು ಇಲ್ಲ. ಹೆಸರು ಕೇಳದ ಊರಿನಲ್ಲೂ ಸೀಟು ಆರೇ. ಹನ್ನೆರಡರಲ್ಲಿ ಎಂಟು ಕ್ಲಿನಿಕಲ್, ಮೂರು ಕೌನ್ಸೆಲಿಂಗ್, ಹಣದ ನೆರವಿರುವ ಒಂದು ಸೈ.ಡಿ. ಎಂಬುದು ನಾನು ಸಾಮಾನ್ಯವಾಗಿ ಒಪ್ಪುವ ಹದ. ಪ್ರತಿ ಹೆಸರಿನ ಮುಂದೆ ಗೈಡ್‌ನ ಹೆಸರು ಬರೆಯಲಾಗದಿದ್ದರೆ ಆ ಸಾಲನ್ನು ಅಳಿಸಿ.

ಅಳಿಸಿ ಅಳಿಸಿ ನಾಲ್ಕೇ ಉಳಿದರೆ, ನಿಮ್ಮ ಸಂಶೋಧನೆಯ ಅನುಭವ ಇನ್ನೂ ಸಾಲದು ಎಂದು ಪಟ್ಟಿಯೇ ಹೇಳುತ್ತಿದೆ. ಒಂದು ವರ್ಷ ನಿಲ್ಲಿ. ನಿಮ್ಹಾನ್ಸ್‌ನ ಸಂಶೋಧನಾ ಯೋಜನೆಗಳಿಗೆ ತಾತ್ಕಾಲಿಕ ಸಿಬ್ಬಂದಿ ಬೇಕೆಂದು ಪ್ರಕಟಣೆಗಳು ಬರುತ್ತಿರುತ್ತವೆ. ಗೋವಾದ ಸಂಗಾತ್‌ನಂಥ ಸಂಸ್ಥೆಗಳೂ ಇವೆ. ಅಲ್ಲಿ ಗಳಿಸಿದ ಒಂದು ಶಿಫಾರಸು ಪತ್ರ, ತರಗತಿಯಲ್ಲಿ ಮಾತ್ರ ನಿಮ್ಮನ್ನು ಕಂಡ ಮೂವರ ಪತ್ರಕ್ಕಿಂತ ಮೇಲು.

ಸಂದರ್ಶನಗಳು ಜನವರಿ, ಫೆಬ್ರುವರಿಯಲ್ಲಿ. ಸೀಟು ಕೊಡುತ್ತೇವೆಂಬ ಕರೆ ಬಂದ ಮೇಲೆ ನಿರ್ಧಾರ ತಿಳಿಸಲು ಏಪ್ರಿಲ್ 15ರವರೆಗೆ ಕಾಲಾವಕಾಶವಿರುವುದು ಅಲ್ಲಿಯ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ; ಅದಕ್ಕೆ ಮೊದಲೇ ಉತ್ತರ ಕೊಡಿ ಎಂದು ಯಾರಾದರೂ ಒತ್ತಾಯಿಸಿದರೆ ಮೃದುವಾಗಿ ಆ ದಿನಾಂಕವನ್ನು ನೆನಪಿಸಿ. ಆದರೆ ಎರಡು ಕಡೆಯಿಂದ ಕರೆ ಬಂದಿದ್ದು, ಒಂದಕ್ಕೆ ಹೋಗುವುದಿಲ್ಲವೆಂದು ನಿಮಗೆ ಖಚಿತವಾದರೆ ಅದನ್ನು ಅಂದೇ ಬಿಟ್ಟುಕೊಡಿ. ಕಾಯುವವರ ಪಟ್ಟಿಯಲ್ಲಿ ಇನ್ನೊಬ್ಬರು ಫೋನ್ ಹಿಡಿದು ಕೂತಿರುತ್ತಾರೆ. ನನ್ನ ಸೀಟು ಬಂದದ್ದೂ ಹಾಗೆಯೇ, ಏಪ್ರಿಲ್ 14ರ ರಾತ್ರಿ ಹನ್ನೊಂದೂವರೆಗೆ, ಮೈಸೂರಿನ ಮನೆಯಲ್ಲಿ ಕರೆಂಟ್ ಹೋಗಿದ್ದಾಗ.